ದೇವರಿಗಷ್ಟೇ ತೋರಿಸಿದ ಚಿತ್ರಗಳು

ಒಂಬತ್ತು ಅಡಿ ಉದ್ದ, ಎರಡು ಅಡಿ ಅಗಲದ ಕಾಗದ. ಅಗ್ಗದ ಹಾಳೆಗಳನ್ನು ಒಂದರ ಪಕ್ಕ ಒಂದಿಟ್ಟು ಗೋಂದಿನಿಂದ ಅಂಟಿಸಿ ಮಾಡಿದ್ದು. ಒಂದು ಬದಿಯಲ್ಲಿ ಕಪ್ಪು ಮೋಡ ಕವಿದ ಆಕಾಶ, ಆಳೆತ್ತರದ ಹೂಗಳು, ಸಾಲಾಗಿ ಓಡುತ್ತಿರುವ ಪುಟ್ಟ ಹುಡುಗಿಯರು, ಬೆನ್ನಟ್ಟಿ ಬರುವ ಸೈನಿಕರು. ಹಾಳೆ ತಿರುಗಿಸಿದರೆ ಹಿಂದೆ ಇನ್ನೊಂದು ಚಿತ್ರ, ಅದೇ ಯುದ್ಧದ ಇನ್ನೊಂದು ದಿನ. ಹೆನ್ರಿ ಡಾರ್ಗರ್‌ನ ದೊಡ್ಡ ಚಿತ್ರಗಳೆಂದರೆ ಹೆಚ್ಚುಕಡಿಮೆ ಹೀಗಿರುತ್ತವೆ.

ಇಂಥ ಎರಡು ಬದಿಯ ಹಾಳೆಯನ್ನು ಡಿಜಿಟಲ್ ಮಾಡಲು ಕೂತವರು ಕ್ಯಾಮೆರಾ ಮುಟ್ಟುವ ಮೊದಲು ಮಾಡುವ ಒಂದು ಕೆಲಸವಿದೆ. ಹಾಳೆಯ ಅಡಿಗೆ ಕಪ್ಪು ಕಾಗದ ಹಾಸುತ್ತಾರೆ. ತೆಳು ಕಾಗದವನ್ನು ಬಿಳಿ ಮೇಜಿನ ಮೇಲಿಟ್ಟು ಬೆಳಕು ಬಿಟ್ಟರೆ ಹಿಂದಿನ ಚಿತ್ರದ ಗೆರೆಗಳು ಮುಂದಿನ ಚಿತ್ರದೊಳಕ್ಕೆ ಇಣುಕುತ್ತವೆ. ಕಪ್ಪು ಹಾಸಿದರೆ ಆ ಇಣುಕಾಟ ಹೆಚ್ಚುಕಡಿಮೆ ನಿಲ್ಲುತ್ತದೆ. ಲೋಕಕ್ಕೆಲ್ಲ ತೋರಿಸುವ ಕೆಲಸ ಅರ್ಧವನ್ನು ಮುಚ್ಚುವುದರಿಂದಲೇ ಶುರುವಾಗುತ್ತದೆ ಎಂದಾಯಿತು.

ಡಾರ್ಗರ್‌ನ ಮಟ್ಟಿಗೆ ತೊಡಕು ಅದಕ್ಕೂ ಹಿಂದಿನದು. ಬದುಕಿರುವಷ್ಟು ಕಾಲ ಆತ ಈ ಚಿತ್ರಗಳನ್ನು ಲೋಕಕ್ಕೆ ತೋರಿಸಲಿಲ್ಲ. ಪ್ರದರ್ಶನ ಮಾಡಲಿಲ್ಲ, ಮಾರಲಿಲ್ಲ, ಪ್ರಕಾಶಕರ ಬಾಗಿಲು ತಟ್ಟಲಿಲ್ಲ. ಈಗ ಅವು ನ್ಯೂಯಾರ್ಕ್, ಚಿಕಾಗೊ, ಪ್ಯಾರಿಸ್ಸಿನ ಸಂಗ್ರಹಾಲಯಗಳಲ್ಲಿವೆ. ಬೆಂಗಳೂರಿನ ಮೆಟ್ರೊದಲ್ಲಿ ನಿಂತವನೂ ಮೊಬೈಲಿನಲ್ಲಿ ಅವನ್ನು ಬೆರಳಿನಿಂದ ಹಿಗ್ಗಿಸಿ ನೋಡಬಹುದು. ಒಬ್ಬ ಮನುಷ್ಯ ತನ್ನೊಳಗೇ ಇಟ್ಟುಕೊಂಡದ್ದನ್ನು ಊರಿಗೆಲ್ಲ ಹಂಚುವುದು ಸರಿಯೆ? ಅದಕ್ಕೆ ಯಾರ ಅಪ್ಪಣೆ ಬೇಕು? ಹಂಚಿದ ಮೇಲೆ ಉಳಿಯುವುದು ಅದೇ ಚಿತ್ರವೆ?

ಡಾರ್ಗರ್ ಹುಟ್ಟಿದ್ದು 1892ರ ಏಪ್ರಿಲ್ 12ರಂದು, ಚಿಕಾಗೊದಲ್ಲಿ. ನಾಲ್ಕು ವರ್ಷ ತುಂಬುವ ಹೊತ್ತಿಗೆ ತಾಯಿ ಹೆರಿಗೆಯಲ್ಲಿ ತೀರಿಕೊಂಡಳು. ಹುಟ್ಟಿದ ತಂಗಿಯನ್ನು ದತ್ತು ಕೊಟ್ಟುಬಿಟ್ಟರು, ಅಣ್ಣ ಅವಳ ಮುಖ ನೋಡಲೇ ಇಲ್ಲ. ತಂದೆ ದರ್ಜಿ. ಆರೋಗ್ಯ ಕೆಟ್ಟು ಆತ ಬಡವರ ಆಶ್ರಮ ಸೇರಿದಾಗ ಹುಡುಗ ಕ್ಯಾಥೊಲಿಕರ ಬಾಲಕರ ಆಶ್ರಮಕ್ಕೆ ಹೋದ. ಅಲ್ಲಿಂದ ಲಿಂಕನ್ ಎಂಬ ಊರಿನಲ್ಲಿದ್ದ ಬುದ್ಧಿಮಾಂದ್ಯ ಮಕ್ಕಳ ಸರ್ಕಾರಿ ಆಸರೆಗೆ ಅಟ್ಟಿದರು. ಆತ ಬುದ್ಧಿಮಾಂದ್ಯನಾಗಿದ್ದ ಎಂಬುದಕ್ಕೆ ಅವನು ಬರೆದದ್ದರಲ್ಲಿ ಸುಳಿವೇನೂ ಸಿಗುವುದಿಲ್ಲ. ಹದಿಹರೆಯದಲ್ಲಿ ಅಲ್ಲಿಂದ ತಪ್ಪಿಸಿಕೊಂಡು ಚಿಕಾಗೊಗೆ ಬಂದವನು ಮುಂದೆ 1963ರವರೆಗೆ ಆಸ್ಪತ್ರೆಗಳಲ್ಲಿ ನೆಲ ಒರೆಸಿದ, ಪಾತ್ರೆ ತೊಳೆದ, ಬ್ಯಾಂಡೇಜ್ ಸುತ್ತಿದ. ಮದುವೆಯಾಗಲಿಲ್ಲ. ಸ್ನೇಹಿತನೆಂದರೆ ವಿಲಿಯಂ ಶ್ಲೋಡರ್ ಒಬ್ಬನೇ. ನೆರೆಯವರು ಮಾತಿಗೆಳೆದರೆ ಹವಾಮಾನದ ಬಗ್ಗೆ ನಾಲ್ಕು ಮಾತಾಡಿ ಮೆಟ್ಟಿಲು ಹತ್ತಿಬಿಡುತ್ತಿದ್ದ.

ವೆಬ್‌ಸ್ಟರ್ ಅವೆನ್ಯೂದ 851ನೇ ನಂಬರಿನ ಮನೆಯ ಮಹಡಿಯ ಕೋಣೆಯಲ್ಲಿ ಸುಮಾರು ನಲವತ್ತು ವರ್ಷ ಬಾಡಿಗೆಗಿದ್ದ. 1972ರ ಕೊನೆಗೆ ಮೆಟ್ಟಿಲು ಹತ್ತಲಾಗದೆ ಬಡವರ ವೃದ್ಧಾಶ್ರಮಕ್ಕೆ ಹೋದ ಮೇಲೆ ಮನೆಯ ಮಾಲೀಕ ನೇಥನ್ ಲರ್ನರ್ ಕೋಣೆ ಖಾಲಿ ಮಾಡಿಸಲು ಹೊರಟ. ದಾರದ ಉಂಡೆಗಳು, ಹಳೆಯ ಪತ್ರಿಕೆಗಳು, ಒಡೆದ ಕನ್ನಡಕಗಳು, ಹೊಟ್ಟೆಯುರಿ ಔಷಧಿಯ ಖಾಲಿ ಬಾಟಲಿಗಳು. ಅವುಗಳ ನಡುವೆ ಟೈಪ್ ಮಾಡಿದ 15,145 ಪುಟಗಳ ಒಂದು ಕಾದಂಬರಿ, ಅದಕ್ಕಾಗಿ ಬರೆದ ಸುಮಾರು 300 ಜಲವರ್ಣ ಚಿತ್ರಗಳು, ಸಾವಿರಾರು ಪುಟಗಳ ಎರಡನೆಯ ಕಾದಂಬರಿ, ಐದು ಸಾವಿರ ಪುಟ ಮೀರಿದ ಆತ್ಮಕಥೆ. ಆತ್ಮಕಥೆಯಲ್ಲಿ ತನ್ನ ಬಗ್ಗೆ ಇನ್ನೂರು ಚಿಲ್ಲರೆ ಪುಟ ಬರೆದು ಮುಗಿಸಿ, ಉಳಿದದ್ದನ್ನೆಲ್ಲ ಒಂದು ಸುಂಟರಗಾಳಿಯ ಕಥೆಗೆ ಬಿಟ್ಟುಕೊಟ್ಟಿದ್ದಾನೆ.

ಲರ್ನರ್ ಸ್ವತಃ ಛಾಯಾಗ್ರಾಹಕ, ವಿನ್ಯಾಸಕಾರ; ಚಿಕಾಗೊದಲ್ಲಿ ಬೌಹೌಸ್ ಕಲಾಶಾಲೆಯ ಪರಂಪರೆ ಮುಂದುವರಿಸಿದವರ ಗುಂಪಿನವನು. ಕಂಡದ್ದು ಏನೆಂದು ಅವನಿಗೆ ಗೊತ್ತಾಯಿತು. ಬೇರೆ ಯಾರಾದರೂ ಮಾಲೀಕನಾಗಿದ್ದರೆ ಇಡೀ ರಾಶಿ ಕಸದ ಲಾರಿ ಹತ್ತುತ್ತಿತ್ತು. ಡಾರ್ಗರ್ 1973ರ ಏಪ್ರಿಲ್ 13ರಂದು, 81 ತುಂಬಿದ ಮರುದಿನ ತೀರಿಕೊಂಡ.

ಆ ನಡುವೆ ಆಶ್ರಮಕ್ಕೆ ಹೋದವರು ಚಿತ್ರಗಳ ಮಾತೆತ್ತಿದಾಗ ಆತ, ಇನ್ನು ತಡವಾಯಿತು, ಎಲ್ಲ ಎಸೆದುಬಿಡಿ ಎಂಬರ್ಥದ ಮಾತಾಡಿದನೆಂದು ಹೇಳುತ್ತಾರೆ. ಈ ಮಾತು ನಮಗೆ ತಲುಪಿರುವುದು ಇತರರ ನೆನಪಿನ ಮೂಲಕ. ಚಿತ್ರಗಳನ್ನು ಹೊರಗೆ ತಂದದ್ದು ತಪ್ಪು ಎನ್ನುವವರು ಇದನ್ನೇ ಆಧಾರ ಮಾಡಿಕೊಳ್ಳುತ್ತಾರೆ. ಕಾಫ್ಕಾನ ಹೆಸರು ಆಗ ತಪ್ಪದೆ ಬರುತ್ತದೆ: ತನ್ನ ಹಸ್ತಪ್ರತಿಗಳನ್ನು ಸುಡು ಎಂದು ಗೆಳೆಯ ಮ್ಯಾಕ್ಸ್ ಬ್ರಾಡ್‌ಗೆ ಬರೆದಿಟ್ಟವನು, ಬ್ರಾಡ್ ಸುಡದಿದ್ದುದರಿಂದ ಉಳಿದವನು. ಆದರೆ ಈ ಜೋಡಣೆ ಸರಿಕೂಡುವುದಿಲ್ಲ. ಕಾಫ್ಕಾ ಬದುಕಿದ್ದಾಗಲೇ ಅಚ್ಚಾದ ಲೇಖಕ, ಓದುಗರೆಂದರೆ ಏನೆಂದು ಬಲ್ಲವನು. ಡಾರ್ಗರ್‌ಗೆ ಬೇಡವೆನ್ನಲು ಓದುಗರೇ ಇರಲಿಲ್ಲ. ಎಂಬತ್ತರ ಮುದುಕ, ಕೋಣೆ ಕೈತಪ್ಪಿದ ಮೇಲೆ, ಹಾಸಿಗೆಯಲ್ಲಿ ಆಡಿದ ಒಂದು ಮಾತನ್ನು ಉಯಿಲಿನ ಹಾಗೆ ಓದುವುದು ಅತಿಯಾಯಿತು. ಎಸೆಯಬೇಕೆಂದಿದ್ದರೆ ನಲವತ್ತು ವರ್ಷದಲ್ಲಿ ಯಾವ ದಿನ ಬೇಕಾದರೂ ಅವನೇ ಎಸೆಯಬಹುದಿತ್ತು.

ಹಾಳೆಗಳೇ ಹೇಳುವ ಸಾಕ್ಷ್ಯ ಇನ್ನೂ ಗಟ್ಟಿ. ಚಿತ್ರಗಳ ಮೇಲೆ ಡಾರ್ಗರ್ ತನ್ನ ಕೈಯಲ್ಲೇ ವಿವರಣೆ ಬರೆದಿದ್ದಾನೆ. ಇದು ಜೆನ್ನಿ ರಿಚಿ ಎಂಬಲ್ಲಿ ನಡೆದದ್ದು, ಬಿರುಗಾಳಿ ಹೀಗಿತ್ತು, ಹುಡುಗಿಯರು ಹೀಗೆ ಪಾರಾದರು ಎಂದು. ತನಗೆ ಗೊತ್ತಿರುವುದನ್ನು ತನಗೇ ಯಾರು ವಿವರಿಸಿಕೊಳ್ಳುತ್ತಾರೆ? ಕಾದಂಬರಿಯಲ್ಲೂ ಅಲ್ಲಲ್ಲಿ ಓದುಗನನ್ನು ಉದ್ದೇಶಿಸಿ ಮಾತಾಡುತ್ತಾನೆ, ಒಂದು ಕಾಳಗದಿಂದ ಇನ್ನೊಂದಕ್ಕೆ ತನ್ನ ಹಿಂದೆ ಬಾ ಎಂದು ಕರೆಯುತ್ತಾನೆ. ನೋಡುವವನೊಬ್ಬ ಅವನ ಮನಸ್ಸಿನಲ್ಲಿ ಇದ್ದೇ ಇದ್ದ. ಆ ನೋಡುವವನು ಯಾರು ಎಂಬುದೇ ಪ್ರಶ್ನೆ.

ಡಾರ್ಗರ್ ಕಟ್ಟಾ ಕ್ಯಾಥೊಲಿಕ್. ಹತ್ತಿರದ ಸೇಂಟ್ ವಿನ್ಸೆಂಟ್ ಚರ್ಚಿಗೆ ದಿನಾ ಹೋಗುತ್ತಿದ್ದ. ಕೆಲವು ದಿನ ನಾಲ್ಕೈದು ಪೂಜೆಗಳಿಗೂ ಕೂರುತ್ತಿದ್ದನಂತೆ. ಕೋಣೆಯ ತುಂಬ ಸಂತರ ಚಿತ್ರಗಳು, ಮಾತೆ ಮರಿಯಳ ಪುಟ್ಟ ಮೂರ್ತಿಗಳು. ಕಾದಂಬರಿಯೂ ಒಂದು ಧರ್ಮಯುದ್ಧವೇ. ಭೂಮಿಯನ್ನೇ ತನ್ನ ಚಂದ್ರನಾಗಿ ಉಳ್ಳ ಯಾವುದೋ ಗ್ರಹ. ಅಲ್ಲಿ ಮಕ್ಕಳನ್ನು ಗುಲಾಮರಾಗಿಸಿಕೊಂಡ ಗ್ಲಾಂಡೆಲಿನಿಯಾ ಎಂಬ ನಾಡು. ಅದರ ವಿರುದ್ಧ ದಂಗೆಯೆದ್ದ ಮಕ್ಕಳು, ಅವರ ಬೆಂಬಲಕ್ಕೆ ನಿಂತ ಕ್ರೈಸ್ತ ರಾಜ್ಯಗಳು, ಮುಂದಾಳುಗಳಾಗಿ ಏಳು ವಿವಿಯನ್ ರಾಜಕುಮಾರಿಯರು. ಮಕ್ಕಳನ್ನು ಕಾಯಲು ರೆಕ್ಕೆಯ ಹಾವುಗಳಂಥ ದೈತ್ಯ ಪ್ರಾಣಿಗಳಿವೆ. ಡಾರ್ಗರ್ ಎಂಬ ಹೆಸರಿನ ಸೇನಾಧಿಕಾರಿಯೂ ಇದ್ದಾನೆ.

ಈ ಯುದ್ಧಕ್ಕೆ ಮೂಲವಾದದ್ದು ಪತ್ರಿಕೆಯಿಂದ ಕತ್ತರಿಸಿಟ್ಟ ಒಂದು ಫೋಟೊ. 1911ರ ಏಪ್ರಿಲ್‌ನಲ್ಲಿ ಚಿಕಾಗೊದ ವಲಸಿಗ ಕುಟುಂಬವೊಂದರ ಪುಟ್ಟ ಹುಡುಗಿ ಎಲ್ಸಿ ಪಾರೂಬೆಕ್ ಕಾಣೆಯಾದಳು. ತಿಂಗಳ ನಂತರ ಕಾಲುವೆಯಲ್ಲಿ ಹೆಣ ಸಿಕ್ಕಿತು. ಚಿಕಾಗೊ ಡೈಲಿ ನ್ಯೂಸ್ ಅವಳ ಫೋಟೊ ಅಚ್ಚು ಹಾಕಿತು. ಹತ್ತೊಂಬತ್ತರ ಡಾರ್ಗರ್ ಅದನ್ನು ಕತ್ತರಿಸಿ ಜೋಪಾನ ಮಾಡಿದ, ಕೆಲವು ಕಾಲದಲ್ಲೇ ಕಳೆದುಕೊಂಡ. ಹಳೆಯ ಪತ್ರಿಕೆಯಲ್ಲಿ ಹುಡುಕೋಣವೆಂದರೆ ತಾರೀಖು ನೆನಪಿಲ್ಲ. ಆಗ ದೇವರ ಮುಂದೆ ಕೂತ. ಮೊರೆಯಿಟ್ಟ, ಗಡುವು ಕೊಟ್ಟ, ಕೊನೆಗೆ ಬೆದರಿಸಿದ. ಫೋಟೊ ಹಿಂತಿರುಗದಿದ್ದರೆ ಕಾದಂಬರಿಯಲ್ಲಿ ಕ್ರೈಸ್ತ ಸೈನ್ಯಗಳು ಸೋಲುತ್ತವೆ ಎಂದ. ಫೋಟೊ ಬರಲಿಲ್ಲ. ಪುಟಗಳಲ್ಲಿ ಸೈನ್ಯಗಳು ಸೋಲತೊಡಗಿದವು. ಎಲ್ಸಿಯ ಛಾಯೆಯಲ್ಲಿ ಹುಟ್ಟಿದ ಆ್ಯನಿ ಆರನ್‌ಬರ್ಗ್ ಎಂಬ ಪಾತ್ರದ ಕೊಲೆಯೂ, ಕಳೆದುಹೋದ ಅವಳ ಚಿತ್ರವೂ ಕಥೆಯೊಳಗೆ ಸೇರಿ ಯುದ್ಧದ ಕಾರಣಗಳೇ ಆದವು.

ಇಲ್ಲಿಗೆ ಬಂದ ಮೇಲೆ ಡಾರ್ಗರ್ ತನಗಾಗಿಯಷ್ಟೇ ಬರೆದುಕೊಂಡ ಎನ್ನುವ ಮಾತು ನಿಲ್ಲುವುದಿಲ್ಲ. ಅವನು ಬರೆದದ್ದು ದೇವರ ಕಣ್ಣಿಗೆ ಬೀಳಲೆಂದು. ಗುಟ್ಟಾಗಿ ಪ್ರಾರ್ಥಿಸುವವನನ್ನು ಗುಟ್ಟಾಗಿ ನೋಡುವ ತಂದೆಯೊಬ್ಬನಿದ್ದಾನೆ ಎಂದು ಮತ್ತಾಯನ ಸುವಾರ್ತೆ ಕಲಿಸುತ್ತದೆ. ದಿನಾ ಚರ್ಚಿಗೆ ಹೋಗುವವನಿಗೆ ಅದು ಹೊಸ ಮಾತಲ್ಲ. ಬಾಗಿಲು ಹಾಕಿದ ಕೋಣೆಯಲ್ಲಿ ಡಾರ್ಗರ್ ಮಾಡಿದ್ದೂ ಅದೇ, ಆದರೆ ಪ್ರಾರ್ಥನೆಯ ಜಾಗದಲ್ಲಿ ಸಾವಿರಾರು ಪುಟದ ದೂರು ಇಟ್ಟ. ಮಕ್ಕಳನ್ನು ಕೊಲ್ಲಲು ಬಿಟ್ಟ ದೇವರಿಗೆ, ಮಕ್ಕಳು ಸಾಯುವುದು ಹೇಗಿರುತ್ತದೆಂದು ಚಿತ್ರ ಸಮೇತ ತೋರಿಸಿದ. ಬೈಬಲಿನ ಯೋಬನೂ ದೇವರನ್ನು ವಾದಕ್ಕೆ ಕರೆದವನೇ. ಯೋಬನಿಗೆ ಬಿರುಗಾಳಿಯೊಳಗಿಂದ ಉತ್ತರ ಬಂತು. ಡಾರ್ಗರ್ ಹತ್ತು ವರ್ಷ ದಿನವೂ ಹವಾಮಾನದ ದಿನಚರಿ ಬರೆದಿಟ್ಟ. ಗಾಳಿ, ಮಳೆ, ಸೆಖೆ, ಹವಾಮಾನ ವರದಿಗಾರ ಹೇಳಿದ್ದು ಎಷ್ಟು ಸುಳ್ಳಾಯಿತು ಎಂಬ ಲೆಕ್ಕ.

ಈ ದೂರನ್ನು ಮೂರನೆಯವರು ಓದಬಹುದೆ? ನಮ್ಮ ಕಡೆ ದೇವರ ಮುಂದಿಟ್ಟ ನೈವೇದ್ಯವನ್ನು ಅಲ್ಲೇ ಬಿಡುವುದಿಲ್ಲ. ದೇವರ ದೃಷ್ಟಿ ಬಿದ್ದ ಮೇಲೆ ಅದು ಪ್ರಸಾದ, ಬಂದವರಿಗೆಲ್ಲ ಹಂಚಬೇಕಾದದ್ದು. ಆ ಲೆಕ್ಕದಲ್ಲಿ ನೋಡಿದರೆ ಚಿಕಾಗೊದ ಹಾಳೆಗಳನ್ನು ಹಂಚಲು ಅಡ್ಡಿಯಿಲ್ಲ. ಆದರೆ ನೈವೇದ್ಯದಲ್ಲಿ ಇಟ್ಟವನಿಗೆ ಅದು ಹಂಚಿಹೋಗುತ್ತದೆಂದು ಮೊದಲೇ ಗೊತ್ತಿರುತ್ತದೆ. ಡಾರ್ಗರ್‌ಗೆ ಆ ಒಪ್ಪಂದ ಗೊತ್ತಿರಲಿಲ್ಲ. ಹೀಗಾಗಿ ತೋರಿಸುವುದು ತಪ್ಪೆನ್ನಲು ಆಗದಿದ್ದರೂ, ತೋರಿಸುವವರ ಮೇಲೆ ಒಂದು ಹೊರೆಯಂತೂ ಬೀಳುತ್ತದೆ: ದೂರನ್ನು ದೂರಾಗಿಯೇ ತೋರಿಸಬೇಕು, ಅಲಂಕಾರವಾಗಿ ಅಲ್ಲ. ಡಿಜಿಟಲ್ ಚಿತ್ರಗಳ ಬಗ್ಗೆ ಸಾಮಾನ್ಯವಾಗಿ ಎತ್ತುವ ಆಕ್ಷೇಪಕ್ಕಿಂತ ಇದು ಬೇರೆ.

ಸಾಮಾನ್ಯ ಆಕ್ಷೇಪವೆಂದರೆ ನಕಲಿನದು. 1930ರ ದಶಕದಲ್ಲಿ ವಾಲ್ಟರ್ ಬೆಂಜಮಿನ್ ಬರೆದ ಪ್ರಸಿದ್ಧ ಪ್ರಬಂಧದ ವಾದ ಇದು: ಕಲಾಕೃತಿ ಒಂದು ಜಾಗದಲ್ಲಿ, ಒಂದು ಕಾಲದಲ್ಲಿ ಇರುವುದರಿಂದ ಅದಕ್ಕೊಂದು ಪ್ರಭೆಯಿರುತ್ತದೆ, ಯಂತ್ರ ಅದನ್ನು ಎಷ್ಟು ಬೇಕಾದರೂ ನಕಲಿಸತೊಡಗಿದಾಗ ಆ ಪ್ರಭೆ ಬಾಡುತ್ತದೆ. ನಕಲಿನಿಂದ ಜನಕ್ಕೆ ಸಿಗುವ ಲಾಭವನ್ನೂ ಬೆಂಜಮಿನ್ ಕಂಡಿದ್ದ. ಅವನನ್ನು ಬರೀ ಹಳಹಳಿಕೆಯವನೆಂದು ಓದುವವರು ಆ ಅರ್ಧವನ್ನು ಬಿಟ್ಟುಬಿಡುತ್ತಾರೆ. 1968ರಲ್ಲಿ ಅಮೆರಿಕದ ತತ್ವಜ್ಞಾನಿ ನೆಲ್ಸನ್ ಗುಡ್‌ಮನ್ ಇನ್ನೊಂದು ಗೆರೆ ಎಳೆದ. ಕಾದಂಬರಿಯ ಯಾವ ಸರಿಯಾದ ಪ್ರತಿಯೂ ಆ ಕಾದಂಬರಿಯೇ. ವರ್ಣಚಿತ್ರದ ಅತ್ಯುತ್ತಮ ಪ್ರತಿಯೂ ಆ ವರ್ಣಚಿತ್ರವಲ್ಲ. ಡಾರ್ಗರ್‌ನ ಕೃತಿ ಈ ಗೆರೆಯ ಎರಡೂ ಕಡೆ ಕಾಲಿಟ್ಟು ನಿಂತಿದೆ. ಟೈಪ್ ಮಾಡಿದ ಪುಟಗಳನ್ನು ನಕಲಿಸಿದರೆ ನಷ್ಟವಿಲ್ಲ, ಅದಕ್ಕೆಂದೇ ಬರೆದ ಚಿತ್ರಗಳನ್ನು ನಕಲಿಸಿದರೆ ನಷ್ಟ. ಆದರೆ ಎರಡೂ ಸೇರಿ ಒಂದೇ ಕೃತಿ.

ಅಷ್ಟೇ ಅಲ್ಲ, ಆ ಚಿತ್ರಗಳೇ ನಕಲುಗಳಿಂದ ಕಟ್ಟಿದವು. ಮನುಷ್ಯರ ಆಕಾರ ಬರೆಯಲು ತನಗೆ ಬಾರದೆಂದು ಡಾರ್ಗರ್‌ಗೆ ಗೊತ್ತಿತ್ತು. ಪತ್ರಿಕೆಗಳ ಜಾಹೀರಾತು, ಕಾಮಿಕ್ಸ್, ಮಕ್ಕಳ ಬಣ್ಣ ತುಂಬುವ ಪುಸ್ತಕ, ಬಟ್ಟೆ ಅಂಗಡಿಯ ಕ್ಯಾಟಲಾಗ್‌ಗಳಿಂದ ಹುಡುಗಿಯರನ್ನು ಕತ್ತರಿಸಿಟ್ಟುಕೊಳ್ಳುತ್ತಿದ್ದ. ಕಾರ್ಬನ್ ಹಾಳೆ ಇಟ್ಟು ಗೆರೆ ಇಳಿಸುತ್ತಿದ್ದ, ಆಮೇಲೆ ಜಲವರ್ಣ ತುಂಬುತ್ತಿದ್ದ. ದೂರದ ಹುಡುಗಿ ಚಿಕ್ಕದಾಗಿ, ಹತ್ತಿರದವಳು ದೊಡ್ಡದಾಗಿ ಕಾಣಬೇಕಲ್ಲ. ಅದಕ್ಕೆ 1940ರ ದಶಕದಿಂದ ಕತ್ತರಿಸಿದ ಚೂರುಗಳನ್ನು ಔಷಧಿ ಅಂಗಡಿಯ ಫೋಟೊ ವಿಭಾಗಕ್ಕೆ ಒಯ್ದು ಬೇಕಾದ ಅಳತೆಗೆ ದೊಡ್ಡದು ಮಾಡಿಸಿ ತರುತ್ತಿದ್ದ. ಆಸ್ಪತ್ರೆಯ ನೆಲ ಒರೆಸಿ ಬಂದ ಸಂಬಳದಲ್ಲಿ ಇದು ಸಣ್ಣ ಖರ್ಚಲ್ಲ. ಹೀಗೆ ಮಾಡಿಸಿದ ಇನ್ನೂರಕ್ಕೂ ಹೆಚ್ಚು ಹಿಗ್ಗಿಸಿದ ಫೋಟೊಗಳು ಕೋಣೆಯಲ್ಲಿ ಸಿಕ್ಕಿವೆ. ಒಬ್ಬಳೇ ಹುಡುಗಿ ಒಂದೇ ಹಾಳೆಯಲ್ಲಿ ಐದು ಕಡೆ, ಐದು ಬಣ್ಣದ ಲಂಗ ತೊಟ್ಟು, ಐದು ಬೇರೆ ಮಕ್ಕಳಾಗಿ ನಿಲ್ಲುತ್ತಾಳೆ.

ಇಂಥವನ ಮುಂದೆ ನಿಂತು ನಕಲು ಕೀಳು ಎನ್ನುವುದು ಹೇಗೆ? ಅವನು ದೇವರೊಡನೆ ಜಗಳಕ್ಕೆ ನಿಂತದ್ದೂ ಒಂದು ನಕಲಿಗಾಗಿ. ಡೈಲಿ ನ್ಯೂಸ್‌ನ ಆ ಸಂಚಿಕೆಯ ಪ್ರತಿಗಳು ಚಿಕಾಗೊ ತುಂಬ ಸಾವಿರ ಸಾವಿರ ಸಂಖ್ಯೆಯಲ್ಲಿ ಮಾರಾಟವಾಗಿದ್ದವು, ಸಂಜೆಗೆ ಅದರಲ್ಲಿ ಕಡಲೆ ಕಟ್ಟಿದವರೂ ಇದ್ದಿರಬೇಕು. ಆ ಅಗ್ಗದ ಮುದ್ರಣ ಒಬ್ಬನ ಪಾಲಿಗೆ ಪೂಜಾ ವಸ್ತುವಾಗಿತ್ತು. ಕ್ರೈಸ್ತ ಧರ್ಮ ಈ ವಿಷಯವನ್ನು ಬಹಳ ಹಿಂದೆಯೇ, ಮೂರ್ತಿಭಂಜಕರೊಡನೆ ಬಡಿದಾಡಿಯೇ ತೀರ್ಮಾನಿಸಿಕೊಂಡಿದೆ. ಕ್ರಿ.ಶ. 787ರ ಎರಡನೆಯ ನೈಸಿಯಾ ಧರ್ಮಸಭೆ ಹೇಳಿದ್ದು, ಚಿತ್ರಕ್ಕೆ ಸಲ್ಲಿಸಿದ ಗೌರವ ಚಿತ್ರದಲ್ಲಿ ನಿಲ್ಲದೆ, ಅದು ಯಾರದೋ ಅವರಿಗೆ ಸೇರುತ್ತದೆ ಎಂದು. ಮರವೋ, ಬಣ್ಣವೋ, ಅಚ್ಚಿನ ಶಾಯಿಯೋ ಎಂಬುದು ಎರಡನೆಯ ಮಾತು. ಸಂತರ ಅಚ್ಚಿನ ಚಿತ್ರಗಳನ್ನು ಗೋಡೆಗೆ ಹಚ್ಚಿಕೊಂಡು ಬದುಕಿದವನು ಆ ನಂಬಿಕೆಯಲ್ಲೇ ಬದುಕಿದವನು. ಡೈಲಿ ನ್ಯೂಸ್‌ನ ಛಾಯಾಗ್ರಾಹಕರ 55,000ಕ್ಕೂ ಹೆಚ್ಚು ಗಾಜಿನ ನೆಗೆಟಿವ್‌ಗಳು ಈಗ ಡಿಜಿಟಲ್ ರೂಪದಲ್ಲಿವೆ. ಎಲ್ಸಿಯ ಫೋಟೊ ಅವಳ ಹೆಸರು ಟೈಪ್ ಮಾಡಿದರೆ ಕ್ಷಣದಲ್ಲಿ ಕಣ್ಣ ಮುಂದೆ ಬರುತ್ತದೆ. ಈ ಕಾಲದಲ್ಲಿ ಡಾರ್ಗರ್ ಬದುಕಿದ್ದರೆ ಯುದ್ಧವೇ ನಡೆಯುತ್ತಿರಲಿಲ್ಲವೇನೋ.

ಹಾಗಾದರೆ ಡಿಜಿಟಲ್ ಮಾಡುವುದರಲ್ಲಿ ಕೆಡುವುದು ಏನು? ಅದನ್ನು ಕಾಣಲು ಕೆಲಸದ ಕೋಣೆಗೇ ಹೋಗಬೇಕು.

ಒಂಬತ್ತು ಅಡಿಯ ಹಾಳೆ ಯಾವ ಸ್ಕ್ಯಾನರ್ ಮೇಲೂ ಕೂರುವುದಿಲ್ಲ. ಎ3 ಅಳತೆಯ ಸ್ಕ್ಯಾನರ್ ಆದರೆ ಇಪ್ಪತ್ತಕ್ಕೂ ಹೆಚ್ಚು ಸಲ ಹಾಳೆಯನ್ನು ಮಗುಚಿ ಜರುಗಿಸಬೇಕು. ಹಳೆಯ ಗೋಂದು ಬಿರಿಯುತ್ತದೆ, ಮಡಿಕೆಯಲ್ಲಿ ಬಣ್ಣ ಉದುರುತ್ತದೆ. ಬಲ್ಲವರು ಆ ಗೋಜಿಗೆ ಹೋಗುವುದಿಲ್ಲ. ಹಾಳೆಯನ್ನು ಮಲಗಿಸಿ, ಮೇಲೆ ಕ್ಯಾಮೆರಾ ನೇತುಹಾಕಿ, ಎರಡೂ ಪಕ್ಕದಿಂದ ಸಮನಾದ ಬೆಳಕು ಬಿಟ್ಟು, ತುಂಡು ತುಂಡಾಗಿ ತೆಗೆಯುತ್ತಾರೆ. ಒಂದು ತುಂಡಿನ ಅಂಚು ಮುಂದಿನದರೊಳಕ್ಕೆ ಸಾಕಷ್ಟು ಸೇರಿರಬೇಕು. ಬಣ್ಣ ಅಳೆಯಲು ಪಕ್ಕದಲ್ಲೊಂದು ಬಣ್ಣದ ಚೌಕಗಳ ಪಟ್ಟಿ. ಆಮೇಲೆ ಕಂಪ್ಯೂಟರ್ ಅವನ್ನೆಲ್ಲ ಹೊಲಿದು ಒಂದು ಮಾಡುತ್ತದೆ. ಇಂಚಿಗೆ 300 ಚುಕ್ಕೆಯಂತೆ ಲೆಕ್ಕ ಹಾಕಿದರೆ ಒಂದು ಬದಿಗೆ 32,400 ಉದ್ದ, 7,200 ಅಗಲ, ಅಂದರೆ 23 ಕೋಟಿಗೂ ಹೆಚ್ಚು ಪಿಕ್ಸೆಲ್. ಬಣ್ಣವನ್ನು ಪೂರ್ತಿ ಆಳದಲ್ಲಿ ಹಿಡಿದಿಟ್ಟರೆ ಒಂದೊಂದು ಬದಿಗೆ ಸುಮಾರು 1.4 ಗಿಗಾಬೈಟ್.

ಹೊಲಿಯುವ ಸಾಫ್ಟ್‌ವೇರ್ ಕೆಲಸ ಮಾಡುವುದು ಗುರುತು ಹಿಡಿದು. ಎರಡು ತುಂಡುಗಳಲ್ಲೂ ಇರುವ ಒಂದು ಮೂಲೆ, ಒಂದು ಕಲೆ, ಒಂದು ವಿಶಿಷ್ಟ ಗೆರೆ ಹುಡುಕಿ ಅವನ್ನು ಒಂದರ ಮೇಲೊಂದು ಕೂರಿಸುತ್ತದೆ. ಉದ್ದಕ್ಕೂ ತೆಳುವಾಗಿ ಹರಡಿದ ಜಲವರ್ಣದ ಆಕಾಶದಲ್ಲಿ ಹಿಡಿಯಲು ಗುರುತೇ ಇರುವುದಿಲ್ಲ. ಒಂದೇ ಅಚ್ಚಿನ ಆಕಾರ ಮತ್ತೆ ಮತ್ತೆ ಬಂದಲ್ಲಿ ಅದಕ್ಕೆ ದಿಕ್ಕು ತಪ್ಪುತ್ತದೆ. ಮೂರನೆಯ ಹುಡುಗಿಯನ್ನು ಐದನೆಯವಳೆಂದು ತಿಳಿದರೆ ನಡುವಿನ ಒಂದಡಿ ಚಿತ್ರ ಮಾಯ. ಒಂದೇ ಕತ್ತರಿಕೆಯಿಂದ ಸೈನ್ಯವನ್ನೇ ಕಟ್ಟಿದ ಡಾರ್ಗರ್ ಈ ಯಂತ್ರಕ್ಕೆ ಒಡ್ಡುವ ಪರೀಕ್ಷೆ ಸಣ್ಣದಲ್ಲ. ಅಂಥ ಕಡೆ ಮನುಷ್ಯನೇ ಕೂತು, ಕಾಗದದ ನಾರು ನೋಡಿ, ತುಂಡುಗಳನ್ನು ಜೋಡಿಸಬೇಕು. ಹಾಳೆಗಳನ್ನು ಅಂಟಿಸುತ್ತ ಡಾರ್ಗರ್ ಮಾಡಿದ ಕೆಲಸವನ್ನೇ ಪರದೆಯ ಮೇಲೆ ಇನ್ನೊಮ್ಮೆ ಮಾಡಿದಂತೆ.

ಇಷ್ಟೆಲ್ಲ ಆಗಿ ಮೊಬೈಲಿಗೆ ಬಂದಾಗ ಒಂಬತ್ತು ಅಡಿ ಕುಗ್ಗಿ ಆರು ಇಂಚಾಗುತ್ತದೆ, ಹದಿನೆಂಟರಲ್ಲಿ ಒಂದು ಪಾಲು. ಗೇಣುದ್ದದ ಹುಡುಗಿ ಅರ್ಧ ಇಂಚಿನವಳಷ್ಟೇ. ಹಿಗ್ಗಿಸಿದರೆ ಮುಖ ಕಾಣುತ್ತದೆ, ಯುದ್ಧ ಮರೆಯಾಗುತ್ತದೆ. ಸಂಗ್ರಹಾಲಯದಲ್ಲಿ ನೋಡುವವನು ಅಂಥ ಹಾಳೆಯ ಉದ್ದಕ್ಕೂ ನಡೆಯಬೇಕು. ಒಂದು ತುದಿಯಲ್ಲಿ ಹೂವಿನ ತೋಟ ನೋಡುತ್ತಿರುವಾಗಲೇ ಕಣ್ಣಂಚಿನಲ್ಲಿ ಇನ್ನೊಂದು ತುದಿಯ ನೇಣು ಇರುತ್ತದೆ. ಕೆಡುವುದು ಇಲ್ಲಿ. ಚಿತ್ರ ನಕಲಾಯಿತೆಂಬುದಕ್ಕಿಂತ ತುಂಡಾಯಿತೆಂಬುದು ದೊಡ್ಡ ಪೆಟ್ಟು. ಆನ್‌ಲೈನ್‌ನಲ್ಲಿ ಹೆಚ್ಚು ಓಡಾಡುವುದು ತಿಳಿ ಬಣ್ಣದ ಹೂಗಳು, ಲಂಗದ ಹುಡುಗಿಯರು, ಚಿಟ್ಟೆ ರೆಕ್ಕೆಯ ಮಕ್ಕಳು. ಮಗುವಿನ ಕೋಣೆಯ ಗೋಡೆಗೂ ಹೊಂದುವಂಥವು. ಕೆಲವೊಮ್ಮೆ ಇದಕ್ಕೆ ತಿರುಗುಮುರುಗು: ಕತ್ತು ಹಿಸುಕುವ ದೃಶ್ಯ ಮಾತ್ರ ಕತ್ತರಿಸಿ ಹಾಕಿ, ಬರೆದವನು ರಾಕ್ಷಸನಿರಬೇಕು ಎಂದು ಬೊಬ್ಬೆ. ಹೂವಿಗೂ ಹಿಂಸೆಗೂ ನಡುವಿನ ಆ ಏಳೆಂಟು ಅಡಿಯಲ್ಲೇ ಡಾರ್ಗರ್‌ನ ವಾದವಿರುವುದು. ಅದನ್ನು ಕಿತ್ತ ಮೇಲೆ ಉಳಿಯುವುದು ಒಂದೋ ಮಿಠಾಯಿ, ಒಂದೋ ವಿಷ.

ಕತ್ತರಿ ಮೊದಲು ಹಿಡಿದದ್ದು ಇಂಟರ್ನೆಟ್ ಅಲ್ಲ ಎಂಬುದನ್ನೂ ಹೇಳಬೇಕು. ಡಾರ್ಗರ್ ಎಷ್ಟೋ ಚಿತ್ರಗಳನ್ನು ದೈತ್ಯ ಗಾತ್ರದ ಸಂಪುಟಗಳಾಗಿ ಕಟ್ಟಿಟ್ಟಿದ್ದ. ಅವನ ನಂತರ ಆ ಸಂಪುಟಗಳನ್ನು ಬಿಡಿಸಲಾಯಿತು, ಹಾಳೆಗಳು ಬಿಡಿಬಿಡಿಯಾಗಿ ಮಾರಾಟವಾದವು. 2014ರಲ್ಲಿ ಪ್ಯಾರಿಸ್ಸಿನ ಹರಾಜಿನಲ್ಲಿ ಒಂದು ಹಾಳೆ ಏಳು ಲಕ್ಷ ಡಾಲರಿಗೂ ಹೆಚ್ಚಿಗೆ ಹೋಯಿತು. ಕೊಂಡವನು ಗೋಡೆಗೆ ತೂಗುಹಾಕಿದಾಗ ಒಂದು ಬದಿ ಗೋಡೆಗೆ ಮುಖ ಮಾಡುತ್ತದೆ. ಸಂಗ್ರಹಾಲಯದವರು ಎರಡೂ ಕಡೆ ಗಾಜಿರುವ ಚೌಕಟ್ಟಿನಲ್ಲಿ ಹಾಳೆಯನ್ನು ನಡುಕೋಣೆಯಲ್ಲಿ ನಿಲ್ಲಿಸಿ ಈ ತೊಂದರೆಗೆ ಪರಿಹಾರ ಹುಡುಕಿದ್ದಾರೆ. ಹಂಚಿಹೋದ ಹಾಳೆಗಳನ್ನು ಮತ್ತೆ ಮೊದಲಿನ ಅನುಕ್ರಮಕ್ಕೆ ತಂದು, ಮುಂದುಹಿಂದು ಎರಡೂ ತೋರಿಸಿ, ಪಕ್ಕದಲ್ಲಿ ಕಾದಂಬರಿಯ ಪುಟವನ್ನೂ ಇಡುವುದು ಕಾಗದದ ಲೋಕದಲ್ಲಿ ಇನ್ನು ಆಗದ ಮಾತು. ಅದು ಸಾಧ್ಯವಿರುವುದು ಡಿಜಿಟಲ್‌ನಲ್ಲಿ ಮಾತ್ರ. ನಕಲನ್ನು ತಿರಸ್ಕರಿಸುವವರು ಇದಕ್ಕೆ ಉತ್ತರ ಕೊಡಬೇಕು.

2004ರಲ್ಲಿ ಜೆಸ್ಸಿಕಾ ಯು ತೆಗೆದ ಸಾಕ್ಷ್ಯಚಿತ್ರ ಬೇರೊಂದು ದಾರಿ ಹಿಡಿಯಿತು. ಚಿತ್ರಗಳೊಳಗಿನ ಹುಡುಗಿಯರನ್ನು ಅನಿಮೇಷನ್‌ನಲ್ಲಿ ನಡೆಸಿತು, ಸೈನಿಕರನ್ನು ಓಡಿಸಿತು. ನೋಡಲು ಮೋಹಕ. ಆದರೆ ಡಾರ್ಗರ್‌ನ ಹುಡುಗಿಯರು ಹೆದರುವುದು ನಿಂತ ನಿಲುವಿನಲ್ಲೇ. ಜಾಹೀರಾತಿನಿಂದ ಬಂದ ನಗು ಮುಖದಲ್ಲಿ ಹಾಗೇ ಉಳಿದಿರುವಾಗ ಸುತ್ತ ಊರು ಉರಿಯುತ್ತಿರುತ್ತದೆ. ಚಲನೆ ಕೊಟ್ಟ ಕೂಡಲೇ ಆ ಇರಿತ ಮೊಂಡಾಗುತ್ತದೆ.

ಅಪ್ಪಣೆಯ ಪ್ರಶ್ನೆ ಉಳಿಯಿತು. ಅಮೆರಿಕದ ಕಾನೂನಿನಲ್ಲಿ ಕಾಗದದ ಒಡೆತನ ಬೇರೆ, ಅದರ ಮೇಲಿರುವುದನ್ನು ನಕಲಿಸುವ ಹಕ್ಕು ಬೇರೆ. ಡಾರ್ಗರ್ ಉಯಿಲು ಬರೆದಿರಲಿಲ್ಲ. ಚಿತ್ರಗಳನ್ನು ಕಾಪಾಡಿದ ಲರ್ನರ್ ದಂಪತಿ ದಶಕಗಳ ಕಾಲ ಹಕ್ಕುಸ್ವಾಮ್ಯವೂ ತಮ್ಮದೇ ಎಂಬಂತೆ ನಡೆದುಕೊಂಡರು; ಲೋಕವೂ ಒಪ್ಪಿತ್ತು. 2022ರಲ್ಲಿ ದೂರದ ಸಂಬಂಧಿಕರು ನ್ಯಾಯಾಲಯದ ಮೆಟ್ಟಿಲೇರಿ, ವಾರಸುದಾರರು ನಾವು, ನಕಲಿಸುವ ಹಕ್ಕೂ ನಮ್ಮದು ಎಂದರು. ಅವನು ಬದುಕಿದ್ದಾಗ ಅವನ ಬಾಗಿಲು ತಟ್ಟದವರು ಎಂದು ಅವರನ್ನು ಹಂಗಿಸುವುದು ಸುಲಭ, ಅದಕ್ಕೆ ಕಾನೂನಿನಲ್ಲಿ ಬೆಲೆಯಿಲ್ಲ. ಬದುಕಿದ್ದಾಗ ಒಂದು ಮಗುವನ್ನು ದತ್ತು ಪಡೆಯಬೇಕೆಂದು ಹಂಬಲಿಸಿ ವಿಫಲನಾದವನಿಗೆ ಸತ್ತು ಅರ್ಧ ಶತಮಾನ ಕಳೆದ ಮೇಲೆ ಹತ್ತಾರು ಬಂಧುಗಳು. ಧರ್ಮದ ಪ್ರಶ್ನೆಯಾಗಿ ನೋಡಿದರೆ ಎರಡು ಪಕ್ಷದವರೂ ಕೇಳುತ್ತಿರುವುದು ಹಂಚುವ ಅಧಿಕಾರ. ಹೇಗೆ ಹಂಚಬೇಕು ಎಂಬ ಹೊಣೆಯನ್ನು ಯಾವ ತೀರ್ಪೂ ಹೊರಿಸಲಾರದು.

ಆ ಹೊಣೆಯ ದೊಡ್ಡ ಭಾಗ ಇರುವುದು ಯಾರೂ ಆಸೆಪಡದ ಕಡೆ, ಟೈಪ್ ಮಾಡಿದ ಪುಟಗಳಲ್ಲಿ. ಇಡೀ ಕಾದಂಬರಿ ಪುಸ್ತಕವಾಗಿ ಅಚ್ಚಾಗಿಲ್ಲ. ಗೋಡೆಗೆ ಹಾಕಲು ಬಾರದ ಆ ಹಾಳೆಗಳಿಗೆ ಹರಾಜಿನ ಬೆಲೆಯೂ ಇಲ್ಲ. ನ್ಯೂಯಾರ್ಕಿನ ಅಮೆರಿಕನ್ ಫೋಕ್ ಆರ್ಟ್ ಮ್ಯೂಸಿಯಂ ಡಾರ್ಗರ್ ಅಧ್ಯಯನ ಕೇಂದ್ರವನ್ನೇ ಇಟ್ಟುಕೊಂಡು ಹಸ್ತಪ್ರತಿಗಳನ್ನು ಕಾಪಾಡುತ್ತಿದೆ. ಜಾನ್ ಮೆಕ್‌ಗ್ರೆಗರ್‌ನಂಥ ವಿದ್ವಾಂಸರು ವರ್ಷಗಟ್ಟಲೆ ಕೂತು ಓದಿದ್ದಾರೆ. ಯಾವ ಚಿತ್ರ ಯಾವ ಕಾಳಗದ್ದು ಎಂದು ಪುಟಕ್ಕೆ ಹೊಂದಿಸಿ ಹೇಳುವ ಕೆಲಸಕ್ಕೆ ಅಂಥ ಓದೇ ಬೇಕು, ಕ್ಯಾಮೆರಾ ಎಷ್ಟು ದುಬಾರಿಯಾದರೂ ಆ ಕೆಲಸ ಮಾಡದು.

ಹೊಂದಿಸುತ್ತ ಕೊನೆಗೆ ಬಂದಾಗ ಇನ್ನೊಂದು ತೊಡಕು ಕಾದಿರುತ್ತದೆ. ಡಾರ್ಗರ್ ಕಾದಂಬರಿಗೆ ಎರಡು ಮುಕ್ತಾಯ ಬರೆದಿಟ್ಟಿದ್ದಾನೆ. ಒಂದರಲ್ಲಿ ಹುಡುಗಿಯರೂ ಕ್ರೈಸ್ತ ಸೈನ್ಯಗಳೂ ಗೆಲ್ಲುತ್ತವೆ, ಇನ್ನೊಂದರಲ್ಲಿ ಗ್ಲಾಂಡೆಲಿನಿಯಾ ಗೆಲ್ಲುತ್ತದೆ. ದೇವರೊಡನೆ ರಾಜಿಯಾಯಿತೆ, ಬೆದರಿಕೆ ನಿಜ ಮಾಡಿದನೆ ಎಂಬುದು ಅದರಿಂದ ತೀರ್ಮಾನವಾಗುವುದಿಲ್ಲ. ಪುಸ್ತಕದ ಸಂಪಾದಕನಾದರೆ ಒಂದನ್ನು ಕೊನೆಯ ಪುಟವೆಂದೂ ಇನ್ನೊಂದನ್ನು ಅನುಬಂಧವೆಂದೂ ಇಡಬೇಕಾಗುತ್ತದೆ. ಪರದೆಯಲ್ಲಿ ಎರಡನ್ನೂ ಅಕ್ಕಪಕ್ಕ ಇಡಬಹುದು, ಯಾವುದಕ್ಕೂ ಮೊದಲ ಸ್ಥಾನ ಕೊಡದೆ. ಡಾರ್ಗರ್‌ನ ಕಡತಗಳನ್ನು ಜೋಡಿಸುವವರು ಹಾಗೇ ಇಡಲಿ.